ಮೂಲೆ ಬಿಟ್ಟು ಏಳದ ನಾಯಿ, ಐದು ದಿನದ ಗಡುವು: ಮನೆಗೆ ತರುವುದು ಹೇಗೆ?

ಪ್ರಶ್ನೆ: ನಾವಿರುವುದು ಬೆಂಗಳೂರಿನಲ್ಲಿ, ಮೂರನೇ ಮಹಡಿಯ ಬಾಡಿಗೆ ಫ್ಲ್ಯಾಟಿನಲ್ಲಿ. ನಾನು, ಗಂಡ, ಎಂಟು ವರ್ಷದ ಮಗಳು, ಅತ್ತೆ. ನಾನು ವಾರಕ್ಕೆ ಮೂರು ದಿನ ಆಫೀಸಿಗೆ ಹೋಗುತ್ತೇನೆ. ನಾಯಿಗಳ ಆಶ್ರಯಧಾಮವೊಂದು ಜಾಗ ಖಾಲಿ ಮಾಡಬೇಕಂತೆ, ಎರಡು ವರ್ಷದ ಹೆಣ್ಣು ನಾಯಿಗೆ ಐದು ದಿನದೊಳಗೆ ಮನೆ ಬೇಕು ಎಂದು ವಾಟ್ಸ್ಆ್ಯಪಿನಲ್ಲಿ ಸಂದೇಶ ಬಂತು. ಹೋಗಿ ನೋಡಿದೆವು. ಕಿವಿ ತುದಿ ಕತ್ತರಿಸಿದ ಕಂದು ಬಣ್ಣದ ನಾಡನಾಯಿ. ಗೋಡೆಗೆ ಮುಖ ಮಾಡಿ ಕೂತಿತ್ತು. ನಾವಿದ್ದ ಅರ್ಧ ಗಂಟೆ ಅಲ್ಲಾಡಲೇ ಇಲ್ಲ. ಫಾಸ್ಟರ್ ಮಾಡುವುದೋ (ಕಾಯಂ ಮನೆ ಸಿಗುವವರೆಗೆ ತಾತ್ಕಾಲಿಕವಾಗಿ ಇಟ್ಟುಕೊಳ್ಳುವುದು), ದತ್ತು ತೆಗೆದುಕೊಳ್ಳುವುದೋ? ಊರಲ್ಲಿ ಅಂಗಳದಲ್ಲಿ ನಾಯಿ ಸಾಕಿದ್ದೇವೆ, ಇಷ್ಟು ಹೆದರುವ ನಾಯಿ ಗೊತ್ತಿಲ್ಲ.

ಉತ್ತರ: ಫಾಸ್ಟರ್ ಮಾಡಿ. ದತ್ತು ಪತ್ರಕ್ಕೆ ಈಗಲೇ ಸಹಿ ಹಾಕಬೇಡಿ. ಐದು ದಿನದ ಗಡುವು ಆ ಜಾಗದ್ದು, ನಾಯಿಯದ್ದಲ್ಲ. ‘ಆಗಲಿ’ ಅನ್ನುವುದನ್ನು ಬೇಗ ಹೇಳಿ, ಮನೆಗೆ ಬಂದ ಮೇಲಿನ ಒಂದೊಂದು ಹೆಜ್ಜೆಯನ್ನೂ ನಿಮಗೇ ಬೇಸರ ಬರುವಷ್ಟು ನಿಧಾನವಾಗಿ ಇಡಿ. ಇಂಥ ನಾಯಿಗಳು ತಪ್ಪಿಸಿಕೊಳ್ಳುವುದು, ವಾಪಸ್ ಹೋಗುವುದು ಹೆಚ್ಚಾಗಿ ಇದು ತಿರುಗುಮುರುಗಾದಾಗ: ತರಬೇಕೋ ಬೇಡವೋ ಎಂದು ವಾರಗಟ್ಟಲೆ ಯೋಚಿಸಿ, ತಂದ ದಿನವೇ ಸ್ನಾನ, ನೆಂಟರು, ಪಾರ್ಕು ಎಲ್ಲ ಮುಗಿಸಿಬಿಟ್ಟಾಗ.

ಗಡುವಿಗೆ ಕಾರಣ ಏನೆಂದು ಮೊದಲು ಕೇಳಿ. ಅಮೆರಿಕದ ಕಡೆಯ ಸಂದೇಶಗಳಲ್ಲಿ ‘ನಾಳೆ ಕೊನೆಯ ದಿನ’ ಎಂದಿದ್ದರೆ ಅದು ಅಕ್ಷರಶಃ ನಿಜವಿರಬಹುದು, ಅಲ್ಲಿನ ಕೆಲವು ಆಶ್ರಯಗಳಲ್ಲಿ ಜಾಗವಿಲ್ಲವೆಂದು ಗಟ್ಟಿಮುಟ್ಟಾದ ನಾಯಿಗೂ ದಯಾಮರಣ ಕೊಡುತ್ತಾರೆ. ನಮ್ಮಲ್ಲಿ 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳ ಪ್ರಕಾರ ದಯಾಮರಣ ವಾಸಿಯಾಗದ ಕಾಯಿಲೆಗೆ, ಬದುಕುಳಿಯಲಾಗದ ಗಾಯಕ್ಕೆ ಮಾತ್ರ. ಇಲ್ಲಿನ ಅವಸರಕ್ಕೆ ಬೇರೆ ಕಾರಣಗಳಿರುತ್ತವೆ: ಬಾಡಿಗೆ ಕರಾರು ಮುಗಿದಿದೆ, ಒಂದು ಗೂಡಿನಲ್ಲಿ ನಾಲ್ಕು ನಾಯಿ ತುಂಬಿವೆ, ನಾಯಿಯನ್ನು ಅಲ್ಲಿ ಇರಿಸುವ ಖರ್ಚು ಕೊಡುವವರು ಕೈಬಿಟ್ಟಿದ್ದಾರೆ, ಇಲ್ಲವೇ ಒಳಗೆ ಪಾರ್ವೊ ಅಥವಾ ಡಿಸ್ಟೆಂಪರ್ ಎಂಬ ವೈರಸ್ ಅಂಟುರೋಗ ಕಾಣಿಸಿಕೊಂಡಿದೆ. ಅದರ ಮೇಲೆ, ಶಾಲೆ, ಆಸ್ಪತ್ರೆ, ಬಸ್ ಮತ್ತು ರೈಲು ನಿಲ್ದಾಣ, ಕ್ರೀಡಾ ಸಂಕೀರ್ಣಗಳ ಆವರಣದಿಂದ ಹಿಡಿದ ಬೀದಿ ನಾಯಿಗಳನ್ನು ಅಲ್ಲಿಗೇ ಮರಳಿ ಬಿಡದೆ ಆಶ್ರಯಕ್ಕೆ ಸೇರಿಸಬೇಕೆಂದು 2025ರ ನವೆಂಬರ್ 7ರಂದು ಸುಪ್ರೀಂ ಕೋರ್ಟ್ ಆದೇಶಿಸಿದೆ. ಕಾರಣ ಜಾಗದ್ದಾದರೆ ‘ಮೂರು ದಿನ ಕೊಡಿ, ನಾಯಿಯನ್ನು ಸಿದ್ಧ ಮಾಡಿಕೊಡಿ’ ಎಂದು ಕೇಳುವ ಅವಕಾಶ ನಿಮಗಿದೆ. ಕಾರಣ ರೋಗವಾದರೆ ತಂದ ಮೇಲೆ ಎರಡು ವಾರ ಕಟ್ಟಡದ ಬೇರೆ ನಾಯಿಗಳ ಹತ್ತಿರ ಬಿಡಬಾರದು.

‘ಇಟ್ಟುಕೊಂಡು ವಾಪಸ್ ಕೊಟ್ಟರೆ ಇನ್ನೂ ದೊಡ್ಡ ಹಿಂಸೆಯಲ್ಲವೇ’ ಎಂಬ ಅಳುಕು ಸಹಜ. ಅಮೆರಿಕದ ಐದು ಆಶ್ರಯಗಳ 207 ನಾಯಿಗಳನ್ನು ಒಂದೆರಡು ರಾತ್ರಿ ಮನೆಗಳಿಗೆ ಕಳಿಸಿ, ಮೂತ್ರದಲ್ಲಿ ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನು ಅಳೆದ ಅಧ್ಯಯನವೊಂದು 2019ರಲ್ಲಿ ಪ್ರಕಟವಾಯಿತು. ಮನೆಯಲ್ಲಿದ್ದಾಗ ಅದು ಇಳಿದಿತ್ತು. ಮರಳಿದ ಮೇಲೆ ಹಿಂದಿನ ಮಟ್ಟಕ್ಕೇ ಬಂತು, ಅದನ್ನು ಮೀರಲಿಲ್ಲ. ನಿಮ್ಮದು ಇನ್ನೂ ಉದ್ದದ ಅವಧಿ, ಇನ್ನೂ ಪುಕ್ಕಲು ನಾಯಿ. ಲೆಕ್ಕ ಹಾಗೆಯೇ ಹೊಂದುವುದಿಲ್ಲ. ಆದರೂ ಕೊಟ್ಟ ವಿರಾಮ ವ್ಯರ್ಥವಲ್ಲ.

ಯಾವ ಬಗೆಯ ಹೆದರಿಕೆ?

ಗೋಡೆಗೆ ಮುಖ ಮಾಡಿ ಕೂತ ನಾಯಿಗಳೆಲ್ಲ ಒಂದೇ ಅಲ್ಲ. ಮನೆಯಲ್ಲಿ ಬೆಳೆದು ಬೀದಿಗೆ ಬಿದ್ದ ನಾಯಿಗೆ ಗೂಡಿನ ಗದ್ದಲವೇ ಆಘಾತ. ಸದ್ದಿಲ್ಲದ ಕೋಣೆಗೆ ಬಂದರೆ ಮೂರ್ನಾಲ್ಕು ದಿನದಲ್ಲಿ ಬೇರೆ ನಾಯಿಯಂತೆ ಕಾಣುತ್ತದೆ. ಅಂಗಡಿಯವರು, ಆಟೊ ಸ್ಟ್ಯಾಂಡಿನವರು ಬಿಸ್ಕತ್ತು ಹಾಕಿ ಬೆಳೆದ ಬೀದಿ ನಾಯಿಗೆ ಮನುಷ್ಯರ ಭಯವಿಲ್ಲ, ನಾಲ್ಕು ಗೋಡೆಯ ಭಯವಿದೆ. ಅದಕ್ಕೆ ವಾರಗಳು ಬೇಕು. ಮೂರನೆಯದು, ಮರಿಯಾಗಿದ್ದಾಗ ಮನುಷ್ಯರ ಕೈ ಸೋಕದೆ ಬೆಳೆದದ್ದು. ಹುಟ್ಟಿದ ಮೂರನೇ ವಾರದಿಂದ ಸುಮಾರು ಹನ್ನೆರಡು, ಹದಿನಾಲ್ಕನೇ ವಾರದವರೆಗೆ ಮರಿ ‘ಯಾರು ನಮ್ಮವರು’ ಎಂದು ಕಲಿಯುತ್ತದೆ. ಆ ಕಿಟಕಿ ಮುಚ್ಚಿದ ಮೇಲೆ ಕಲಿಸಬಹುದು, ಆದರೆ ತಿಂಗಳುಗಳಲ್ಲಿ, ಮತ್ತು ಪೂರ್ತಿಯಾಗಿ ಅಲ್ಲ.

ನಿಮ್ಮ ನಾಯಿಯ ಕಿವಿ ಕತ್ತರಿಸಿದೆ, ಅಂದರೆ ಸಂತಾನಹರಣ ಶಸ್ತ್ರಚಿಕಿತ್ಸೆಗೆ ಒಮ್ಮೆ ಹಿಡಿದಿದ್ದಾರೆ, ಬಹುಶಃ ಬಲೆ ಹಾಕಿ. ಹಿಂದಿನಿಂದ ಬರುವ ಕೈ, ಮೇಲಿಂದ ಹರಡುವ ಬಟ್ಟೆ ಇಂಥ ನಾಯಿಗಳಿಗೆ ಬೇಗ ದಿಗಿಲು ಹುಟ್ಟಿಸುತ್ತವೆ. ಬೆಡ್‌ಶೀಟ್ ಕೊಡವುವ ಕೆಲಸ ಅದರ ಕೋಣೆಯಲ್ಲಿ ಬೇಡ.

ನಾಳೆ ಇನ್ನೊಮ್ಮೆ ಹೋಗಿ, ಒಬ್ಬರೇ. ಗೂಡಿನ ಬಾಗಿಲ ಬಳಿ ನಾಯಿಗೆ ಭುಜ ತಿರುಗಿಸಿ ನೆಲದ ಮೇಲೆ ಕೂತುಕೊಳ್ಳಿ. ಬೇಯಿಸಿದ ಕೋಳಿಯನ್ನು ಕಡಲೆಕಾಳಿನ ಗಾತ್ರಕ್ಕೆ ಹರಿದು, ನಿಮಿಷಕ್ಕೊಂದರಂತೆ ಅದರ ಹತ್ತಿರ ಹಾಕಿ. ಕಣ್ಣಲ್ಲಿ ಕಣ್ಣಿಡಬೇಡಿ, ಮಾತೂ ಬೇಡ. ಇಪ್ಪತ್ತು ನಿಮಿಷದಲ್ಲಿ ಕಿವಿ ನಿಮ್ಮ ಕಡೆ ತಿರುಗಿದರೆ, ಮೂಗು ಆಡಿದರೆ, ಒಂದು ಚೂರಾದರೂ ತಿಂದರೆ ನಿಮ್ಮ ಮನೆಯಂಥ ಮನೆ ಸಾಕು. ತಿನ್ನದೆ ನಡುಗುತ್ತಾ ಇದ್ದಲ್ಲೇ ಮೂತ್ರ ಮಾಡಿಕೊಂಡರೆ, ಅಥವಾ ಗೋಡೆ ಹತ್ತಲು ನೋಡಿದರೆ, ಮೊದಲ ಸಲ ಫಾಸ್ಟರ್ ಮಾಡುವವರಿಗೆ, ಅದೂ ಮೂರನೇ ಮಹಡಿಗೆ, ಅದು ತಕ್ಕ ನಾಯಿಯಲ್ಲ. ನೆಲಮಹಡಿ, ಕಾಂಪೌಂಡು, ಧೈರ್ಯವಂತ ಇನ್ನೊಂದು ನಾಯಿ ಇರುವ ಮನೆ ಹುಡುಕಲು ಆಶ್ರಯದವರಿಗೆ ನೆರವಾಗಿ. ಇನ್ನೊಂದು ಮಾತು, ಕೆಲವರಿಗೆ ಹಿಡಿಸದಿರಬಹುದು: ಬೀದಿಯಲ್ಲೇ ಆರೋಗ್ಯವಾಗಿದ್ದು, ಊಟ ಹಾಕುವವರಿದ್ದು, ಶಸ್ತ್ರಚಿಕಿತ್ಸೆಗೆಂದು ಮಾತ್ರ ಹಿಡಿದು ತಂದ ನಾಯಿಯಾದರೆ ಮೊದಲಿನ ಬೀದಿಗೇ ಬಿಡುವುದು ನಿಯಮ, ಎಷ್ಟೋ ಸಲ ನಾಯಿಗೂ ಅದೇ ಹಿತ. ಎಲ್ಲಿಂದ, ಯಾಕೆ ತಂದರು ಎಂದು ಕೇಳದೆ ಇರಬೇಡಿ.

ನೋವಿನ ಕೆಲಸವೆಲ್ಲ ಅಲ್ಲೇ ಮುಗಿಯಲಿ

ಸೂಜಿ, ರಕ್ತ ತೆಗೆಯುವುದು, ಉಗುರು ಕತ್ತರಿಸುವುದು, ಹಾರ್ನೆಸ್ (ಎದೆಗೆ ಕಟ್ಟುವ ಪಟ್ಟಿ) ತೊಡಿಸುವುದು ಎಲ್ಲವೂ ಆಶ್ರಯದಲ್ಲೇ, ಅದಕ್ಕೆ ಪರಿಚಯವಿರುವ ಕೈಗಳಿಂದಲೇ ಆಗಲಿ. ನಿಮ್ಮ ಮನೆಯ ಕೈ ಎಂದರೆ ಮೊದಲ ಎರಡು ವಾರ ಊಟ ಮಾತ್ರ ಎಂದು ಅದಕ್ಕೆ ಅನ್ನಿಸಬೇಕು. ಜನ ಸಾಮಾನ್ಯವಾಗಿ ಮನೆಗೆ ತಂದ ಮಾರನೆಯ ದಿನವೇ ವೈದ್ಯರ ಬಳಿ ಒಯ್ಯುತ್ತಾರೆ. ಅಲ್ಲಿ ಹಿಡಿದು ಅದುಮುತ್ತಾರೆ. ಆಗಷ್ಟೇ ಚಿಗುರುತ್ತಿದ್ದ ನಂಬಿಕೆ ಅಲ್ಲಿಗೆ ಹೋಯಿತು.

ಕೇಳಬೇಕಾದದ್ದು: ರೇಬಿಸ್ ಲಸಿಕೆಯ ದಿನಾಂಕ (ಈಗಷ್ಟೇ ಹಾಕಿದ್ದರೆ ರಕ್ಷಣೆ ಬರಲು ಮೂರರಿಂದ ನಾಲ್ಕು ವಾರ ಬೇಕು), ಪಾರ್ವೊ, ಡಿಸ್ಟೆಂಪರ್ ಸೇರಿದ ಸಂಯುಕ್ತ ಲಸಿಕೆ, ತೂಕ ನೋಡಿ ಕೊಟ್ಟ ಜಂತುಹುಳುವಿನ ಮಾತ್ರೆ, ಮತ್ತು ರಕ್ತಪರೀಕ್ಷೆ. ರಕ್ತಪರೀಕ್ಷೆಯನ್ನು ಬಿಡಬೇಡಿ. ಎರ್ಲಿಕಿಯಾ, ಬೆಬೀಸಿಯಾದಂಥ ಉಣ್ಣೆ ಜ್ವರ ನಮ್ಮ ಬೀದಿ ನಾಯಿಗಳಲ್ಲಿ ಮಾಮೂಲು. ಜ್ವರವಿರುವ ನಾಯಿ ಮೂಲೆ ಹಿಡಿದು ಕೂರುತ್ತದೆ, ತಿನ್ನುವುದಿಲ್ಲ, ಮುಟ್ಟಿದರೆ ಮುದುಡುತ್ತದೆ. ನೋಡುವವರು ‘ಪಾಪ, ಹೆದರಿಕೆ’ ಎಂದುಕೊಳ್ಳುತ್ತಾರೆ. ಪ್ಲೇಟ್‌ಲೆಟ್ ಇಳಿದಿದ್ದು ಎರ್ಲಿಕಿಯಾ ಖಚಿತವಾದರೆ ಡಾಕ್ಸಿಸೈಕ್ಲಿನ್ ಎಂಬ ಆ್ಯಂಟಿಬಯಾಟಿಕ್ ಸಾಮಾನ್ಯವಾಗಿ 28 ದಿನದ ಕೋರ್ಸು, ಊಟದೊಂದಿಗೆ. ನಾಲ್ಕು ದಿನಕ್ಕೆ ಗೆಲುವಾಯಿತೆಂದು ನಿಲ್ಲಿಸಿದರೆ ಮರುಕಳಿಸುತ್ತದೆ. ಉಣ್ಣೆ ಕಳೆಯಲು ಔಷಧಿ ಸ್ನಾನ ಬೇಡ, ಬಾಯಿಗೆ ಕೊಡುವ ಮಾತ್ರೆ ಕೇಳಿ. ಫ್ಲುರಾಲನರ್ ಇರುವ ಮಾತ್ರೆ ಒಂದು ಸಲಕ್ಕೆ ಸುಮಾರು ಹನ್ನೆರಡು ವಾರ ಕೆಲಸ ಮಾಡುತ್ತದೆ. ನಾಯಿಗೆ ಫಿಟ್ಸ್ ಬಂದ ಇತಿಹಾಸವಿದ್ದರೆ ವೈದ್ಯರಿಗೆ ಮೊದಲೇ ಹೇಳಬೇಕು. ಮೈ ವಾಸನೆ ಬರುತ್ತದೆ, ನಿಜ. ಮೂರು ವಾರ ತಡೆದುಕೊಳ್ಳಿ.

ಮೈಕ್ರೋಚಿಪ್ (ಚರ್ಮದಡಿ ಕೂರಿಸುವ ಗುರುತಿನ ಚಿಪ್) ಹಾಕಿಸಿದ್ದರೆ 15 ಅಂಕಿಯ ಸಂಖ್ಯೆ ಬರೆದಿಟ್ಟುಕೊಂಡು, ಅದು ಯಾರ ಫೋನ್ ನಂಬರಿಗೆ ನೋಂದಣಿಯಾಗಿದೆ ನೋಡಿ. ಚಿಪ್ ಇದ್ದೂ ನೋಂದಣಿ ಇಲ್ಲದ್ದು ಇದ್ದೂ ಇಲ್ಲದಂತೆ.

ಫಾಸ್ಟರ್ ಕರಾರು ಒಂದೇ ಪುಟವಾದರೂ ಬರಹದಲ್ಲಿರಲಿ: ಎಷ್ಟು ವಾರ, ಆಸ್ಪತ್ರೆ ಖರ್ಚು ಯಾರದ್ದು, ರಾತ್ರಿ ಹತ್ತು ಗಂಟೆಗೆ ತೊಂದರೆಯಾದರೆ ಯಾರಿಗೆ ಫೋನ್ ಮಾಡಬೇಕು, ಆಗದಿದ್ದರೆ ಎಷ್ಟು ದಿನದಲ್ಲಿ ವಾಪಸ್ ಪಡೆಯುತ್ತಾರೆ. ‘ಜಾಗ ಖಾಲಿ ಮಾಡುತ್ತಿದ್ದೇವೆ’ ಎನ್ನುವವರಿಗೆ ಈ ಕೊನೆಯ ಪ್ರಶ್ನೆ ಮುಜುಗರದ್ದು, ಆದ್ದರಿಂದಲೇ ಕೇಳಿ. ನಿಮ್ಮದು ಬಾಡಿಗೆ ಮನೆ, ಮಾಲೀಕರ ಒಪ್ಪಿಗೆ ಮೆಸೇಜಿನಲ್ಲಾದರೂ ಬರಹದಲ್ಲಿರಬೇಕು. ಅಪಾರ್ಟ್‌ಮೆಂಟ್ ಸಂಘದವರು ಸಾಕುನಾಯಿ ನಿಷೇಧಿಸುವಂತಿಲ್ಲ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ ಮಾರ್ಗಸೂಚಿಯಲ್ಲಿದೆ. ಆದರೂ ಸೆಕ್ಯೂರಿಟಿಯವರಿಗೆ, ಪಕ್ಕದ ಮನೆಯವರಿಗೆ ಮೊದಲೇ ಒಂದು ಮಾತು ಹೇಳಿಟ್ಟರೆ ನಾಳೆ ನಾಯಿ ತಪ್ಪಿಸಿಕೊಂಡಾಗ ಅವರೇ ನಿಮ್ಮ ಕಣ್ಣು.

ಮನೆಯಲ್ಲಿ ಏನೇನು ಬದಲಾಗಬೇಕು

ನೆಲದಿಂದ ಶುರು ಮಾಡಿ. ಮಣ್ಣು, ಟಾರು, ಸಿಮೆಂಟಿನ ಮೇಲೆ ನಡೆದ ಕಾಲು ವಿಟ್ರಿಫೈಡ್ ಟೈಲ್ಸ್ ಮೇಲೆ ಜಾರುತ್ತದೆ. ಒಮ್ಮೆ ಜಾರಿದರೆ ನಾಯಿ ಅಲ್ಲೇ ಕಲ್ಲಾಗುತ್ತದೆ. ‘ಎರಡು ದಿನದಿಂದ ಅಲ್ಲಾಡಿಲ್ಲ’ ಎಂಬ ದೂರಿನ ಹಿಂದೆ ಬರೀ ನುಣುಪು ನೆಲ ಇರುವುದುಂಟು. ಗೋಣಿತಾಟು, ಹಳೆಯ ಯೋಗ ಮ್ಯಾಟ್, ಹಿಂಭಾಗದಲ್ಲಿ ರಬ್ಬರ್ ಇರುವ ಕಾಲೊರಸು ಇವನ್ನು ಮಲಗುವ ಜಾಗದಿಂದ ನೀರಿನ ಬಟ್ಟಲಿಗೆ, ಅಲ್ಲಿಂದ ಮೂತ್ರದ ಜಾಗಕ್ಕೆ ಒಂದು ದಾರಿಯಾಗಿ ಹಾಸಿ.

ಚಿಕ್ಕ ಕೋಣೆಯೊಂದನ್ನು ಅದಕ್ಕೇ ಬಿಡಿ, ಅಡುಗೆಮನೆಗೂ ಬಚ್ಚಲಿಗೂ ದೂರವಾಗಿ. ಮೂಲೆಯಲ್ಲಿ ಬಾಗಿಲು ಕಟ್ಟಿ ತೆರೆದಿಟ್ಟ ಕ್ರೇಟ್ (ನಾಯಿಯ ಪಂಜರ), ಅಥವಾ ಎರಡು ಕಡೆ ಬಟ್ಟೆ ಇಳಿಬಿಟ್ಟ ಮೇಜು. ಅದು ಗುಹೆ. ಅದರೊಳಗಿದ್ದಾಗ ಯಾರೂ ಕೈ ಹಾಕಬಾರದು, ಎಳೆಯಬಾರದು, ಇಣುಕಲೂಬಾರದು. ಮಂಚದ ಕೆಳಗೆ ಸೇರಿಕೊಳ್ಳಲು ಬಿಡಬೇಡಿ, ಅಲ್ಲಿಂದ ಹೊರತರುವ ಒದ್ದಾಟದಲ್ಲಿಯೇ ಕಚ್ಚುವುದು. ಮಂಚದ ಸುತ್ತ ರಟ್ಟಿನ ಪೆಟ್ಟಿಗೆ ತುಂಬಿಸಿ ಮುಚ್ಚಿ. ಬಾಲ್ಕನಿಗೆ ಜಾಲರಿ ಇಲ್ಲದಿದ್ದರೆ ಆ ಬಾಗಿಲಿಗೆ ಬೀಗ. ದಿಗಿಲುಬಿದ್ದ ನಾಯಿಗೆ ಎತ್ತರ ಲೆಕ್ಕಕ್ಕಿಲ್ಲ. ಕಿಟಕಿಗೆ ಸೊಳ್ಳೆ ಪರದೆ ಮಾತ್ರ ಇದ್ದರೆ ಅದನ್ನು ತಡೆ ಎಂದು ಎಣಿಸಬೇಡಿ.

ಇದೆಲ್ಲಕ್ಕಿಂತ ಮುಖ್ಯವಾದದ್ದು ಮುಂಬಾಗಿಲು. ನಾಯಿಗೂ ಮೆಟ್ಟಿಲಿಗೂ ನಡುವೆ ಯಾವಾಗಲೂ ಎರಡು ತಡೆ ಇರಬೇಕು: ಮುಂಬಾಗಿಲು ತೆರೆದಾಗ ಕೋಣೆಯ ಬಾಗಿಲು ಹಾಕಿರಬೇಕು. ಹಾಲಿನವರು, ಕೊರಿಯರ್, ಕೆಲಸದವರು ಬರುವ ಹೊತ್ತಿಗೆ ಬಾಗಿಲಲ್ಲಿ ಚೀಟಿ ಅಂಟಿಸಿ: ‘ಬೆಲ್ ಒತ್ತಬೇಡಿ, ಫೋನ್ ಮಾಡಿ.’ ಮಗಳಿಗೆ ಈ ನಿಯಮ ಆಟದಂತೆ ಕಲಿಸಬಹುದು, ಮಕ್ಕಳು ದೊಡ್ಡವರಿಗಿಂತ ಕಟ್ಟುನಿಟ್ಟು.

ತೊಡಿಸಬೇಕಾದದ್ದು ಎರಡು. ಎಳೆದಾಗ ಸ್ವಲ್ಪ ಬಿಗಿಯಾಗುವ ಮಾರ್ಟಿಂಗೇಲ್ ಕಾಲರ್, ಎರಡು ಬೆರಳು ಹೋಗುವಷ್ಟು ಸಡಿಲ. ಜೊತೆಗೆ ಎದೆಯ ಹಿಂದೆ, ಸೊಂಟದ ಮುಂದೆ ಎರಡು ಕಡೆ ಪಟ್ಟಿ ಬರುವ ಹಾರ್ನೆಸ್. ಒಂದೇ ಪಟ್ಟಿಯ ಹಾರ್ನೆಸ್ಸಿನಿಂದ ನಾಡನಾಯಿ ಹಿಂದಕ್ಕೆ ಜಗ್ಗಿ ಎರಡು ಸೆಕೆಂಡಿನಲ್ಲಿ ಕಳಚಿಕೊಳ್ಳುತ್ತದೆ, ಅವುಗಳ ಎದೆ ಆಳ, ಸೊಂಟ ಸಣ್ಣ. ಎರಡಕ್ಕೂ ಬೇರೆಬೇರೆ ಲೀಶ್ (ಹಿಡಿಯುವ ಹಗ್ಗ), ಒಂದು ಕೈಗೆ, ಇನ್ನೊಂದು ನಿಮ್ಮ ಸೊಂಟಕ್ಕೆ. ಉದ್ದಕ್ಕೆ ಬಿಚ್ಚಿಕೊಳ್ಳುವ ಡಬ್ಬಿ ಲೀಶ್ ಬೇಡವೇ ಬೇಡ. ಕೈಜಾರಿದರೆ ಆ ಪ್ಲಾಸ್ಟಿಕ್ ಡಬ್ಬಿ ನಾಯಿಯ ಹಿಂದೆ ಲಟಪಟ ಹಾರುತ್ತಾ ಹೋಗುತ್ತದೆ, ನಾಯಿ ಅದಕ್ಕೇ ಹೆದರಿ ಕಿಲೋಮೀಟರುಗಟ್ಟಲೆ ಓಡುತ್ತದೆ.

ಮೊದಲ ಮೂರು ದಿನ

ಶುಕ್ರವಾರ ಸಂಜೆ ತನ್ನಿ, ಸೋಮ ಮಂಗಳ ರಜೆ ಹಾಕಿ. ಹೊರಡುವ ನಾಲ್ಕು ಗಂಟೆ ಮೊದಲಿನಿಂದಲೇ ಊಟ ಕೊಡಬಾರದೆಂದು ಆಶ್ರಯದವರಿಗೆ ಹೇಳಿ, ಕಾರಿನಲ್ಲಿ ವಾಂತಿ ತಪ್ಪುತ್ತದೆ. ಕ್ರೇಟಿನಲ್ಲೇ ಕೂರಿಸಿ, ಕ್ರೇಟಿನಲ್ಲೇ ಮೇಲಕ್ಕೆ ಒಯ್ದು, ಕೋಣೆಯ ಬಾಗಿಲು ಹಾಕಿದ ಮೇಲೆ ತೆರೆಯಿರಿ. ಕಾರಿನ ಬಾಗಿಲಿಂದ ಲಿಫ್ಟಿನವರೆಗಿನ ಹತ್ತು ಹೆಜ್ಜೆಯಷ್ಟು ಅಪಾಯದ ಜಾಗ ಇನ್ನೊಂದಿಲ್ಲ. ಆರತಿ ಎತ್ತಿ ಬರಮಾಡಿಕೊಳ್ಳುವ ಆಸೆ ಅತ್ತೆಯವರಿಗಿದ್ದರೆ ತಿಂಗಳ ನಂತರ ಆಗಲಿ.

ಹಾರ್ನೆಸ್ ಬಿಚ್ಚಬೇಡಿ. ಅದಕ್ಕೆ ಎರಡು ಮೀಟರ್ ಉದ್ದದ, ಕೊನೆಯಲ್ಲಿ ಕುಣಿಕೆ ಇಲ್ಲದ ಹಗುರ ಹಗ್ಗ ಕಟ್ಟಿ ಎಳೆದುಕೊಂಡು ತಿರುಗಲು ಬಿಡಿ, ನೀವು ಎಚ್ಚರವಿದ್ದು ನೋಡುತ್ತಿರುವಾಗ ಮಾತ್ರ. ಕದಲಿಸಬೇಕಾದಾಗ ಮೈಗೆ ಕೈ ಹಾಕದೆ ಹಗ್ಗದ ತುದಿ ಎತ್ತಿಕೊಂಡರೆ ಸಾಕು.

ಅಂದು ತಿನ್ನದಿದ್ದರೆ ಗಾಬರಿ ಬೇಡ. ಬೆಳೆದ ನಾಯಿ ಒಂದೂವರೆ ದಿನ ಉಪವಾಸ ಕೂರುವುದು ಮಾಮೂಲು. 48 ಗಂಟೆ ದಾಟಿದರೆ, ಅಥವಾ 24 ಗಂಟೆ ನೀರು ಮುಟ್ಟದಿದ್ದರೆ, ಮೂತ್ರ ಮಾಡದಿದ್ದರೆ ವೈದ್ಯರಿಗೆ ಫೋನ್ ಮಾಡಿ. ವಾಂತಿ, ರಕ್ತ ಬೆರೆತ ಭೇದಿ, ಬಿಳುಚಿದ ಒಸಡು ಕಂಡರೆ ಕಾಯಲೇಬೇಡಿ. ಬಟ್ಟಲು ಇಟ್ಟು ಕೋಣೆಯಿಂದ ಹೊರಗೆ ಬನ್ನಿ. ಎಷ್ಟೋ ನಾಯಿಗಳು ರಾತ್ರಿ ಒಂದರಿಂದ ನಾಲ್ಕರ ನಡುವೆ, ಮನೆ ಮಲಗಿದ ಮೇಲೆ ತಿಂದು, ಮೂಸಿ, ತಿರುಗಾಡಿ ಮತ್ತೆ ಮೂಲೆ ಸೇರುತ್ತವೆ. ಹಳೆಯ ಫೋನನ್ನೇ ಕ್ಯಾಮೆರಾ ಮಾಡಿಟ್ಟರೆ ಹಗಲು ಕಾಣದ ನಾಯಿ ನಿಮಗೆ ಕಾಣುತ್ತದೆ.

ಹದಿನೈದು ಕಿಲೋ ತೂಗುವ, ಸಂತಾನಹರಣವಾದ ನಾಯಿಗೆ ದಿನಕ್ಕೆ ಸುಮಾರು 850 ಕ್ಯಾಲೊರಿ ಸಾಕು, ಒಣ ಆಹಾರವಾದರೆ 220 ರಿಂದ 240 ಗ್ರಾಂ. ಮೊದಲ ಎರಡು ಮೂರು ದಿನ ಅದರ ಅರ್ಧ, ನಾಲ್ಕು ಹೊತ್ತಿಗೆ ಹಂಚಿ. ಆಶ್ರಯದಲ್ಲಿ ಏನು ತಿನ್ನುತ್ತಿತ್ತೋ ಅದನ್ನೇ ವಾರ ಮುಂದುವರಿಸಿ. ಒಮ್ಮೆಲೇ ಬದಲಿಸಿದರೆ ಹೊಟ್ಟೆ ಕೆಡುತ್ತದೆ, ಹೊಟ್ಟೆ ಕೆಟ್ಟರೆ ಅದು ಸೋಂಕೋ ಊಟದ್ದೋ ತಿಳಿಯದೆ ಪೇಚು. ಮೊಸರನ್ನ, ಬೇಯಿಸಿದ ಮೊಟ್ಟೆ, ಉಪ್ಪಿಲ್ಲದ ರಾಗಿ ಗಂಜಿ ಆಗಬಹುದು. ಸಾಂಬಾರು ಬೆರೆಸಿದ ಅನ್ನ ಬೇಡ, ಈರುಳ್ಳಿ ಬೆಳ್ಳುಳ್ಳಿ ರಕ್ತಕಣಗಳನ್ನು ಒಡೆಯುತ್ತವೆ. ಪಾಯಸದಲ್ಲಿರುವ ಒಣದ್ರಾಕ್ಷಿ ಮೂತ್ರಪಿಂಡಕ್ಕೆ ವಿಷ, ಹಬ್ಬದ ದಿನ ಇದನ್ನು ಮನೆಮಂದಿಗೆಲ್ಲ ನೆನಪಿಸಿ.

ಕೈಯಿಂದ ತಿನ್ನಿಸಬೇಡಿ

ಇದೇ ಎಲ್ಲರೂ ಮಾಡುವ ತಪ್ಪು. ಅಂಗೈಯಲ್ಲಿ ಕೋಳಿ ಹಿಡಿದು ‘ಬಾ ಬಾ’ ಎಂದು ಕಾಯುತ್ತಾರೆ. ನಾಯಿಯ ಹಿಂಗಾಲು ಇದ್ದಲ್ಲೇ ಇರುತ್ತದೆ, ಕತ್ತು ಮಾತ್ರ ಉದ್ದವಾಗುತ್ತದೆ. ಹಸಿವು ಮುಂದಕ್ಕೆ ತಳ್ಳುತ್ತಿದೆ, ಭಯ ಹಿಂದಕ್ಕೆ ಎಳೆಯುತ್ತಿದೆ. ತುಂಡು ಬಾಯಿಗೆ ಬಿದ್ದ ಕ್ಷಣ ಆಸೆಯ ವಸ್ತು ಮುಗಿಯಿತು, ಉಳಿದದ್ದು ಒಂದು ಗೇಣು ದೂರದಲ್ಲಿರುವ ಅಪರಿಚಿತ ಕೈ. ಆಗ ಅದು ಹಾರಿ ಹಿಂದೆ ಸರಿಯುತ್ತದೆ, ಕೆಲವೊಮ್ಮೆ ಕಚ್ಚಿಯೇ ಸರಿಯುತ್ತದೆ. ಮುಂದಿನ ಸಲ ಇನ್ನೂ ದೂರ.

ಬದಲಿಗೆ ತುಂಡನ್ನು ನಾಯಿಯ ಹಿಂದಕ್ಕೆ ಎಸೆಯಿರಿ. ತಿನ್ನಲು ಅದು ನಿಮ್ಮಿಂದ ದೂರ ಹೋಗಬೇಕು. ದೂರ ಹೋದಾಗ ಮೈ ಸಡಿಲವಾಗುತ್ತದೆ, ತಿಂದು ತಿರುಗಿದಾಗ ತಾನಾಗಿ ಒಂದೆರಡು ಹೆಜ್ಜೆ ನಿಮ್ಮ ಕಡೆ ಬರುತ್ತದೆ. ಆಗೊಂದು ಅದರ ಮುಂದೆ, ನಿಮ್ಮಿಂದ ದೂರದಲ್ಲೇ ಬೀಳಲಿ. ಮತ್ತೆ ಹಿಂದಕ್ಕೆ. ಐದು ನಿಮಿಷ, ದಿನಕ್ಕೆ ಮೂರು ನಾಲ್ಕು ಸಲ. ಅದು ಇನ್ನೂ ಬೇಕು ಎನ್ನುತ್ತಿರುವಾಗಲೇ ನಿಲ್ಲಿಸಿ ಎದ್ದು ಹೋಗಿ. ನೇರ ನಿಲ್ಲದೆ ಪಕ್ಕಕ್ಕೆ ತಿರುಗಿ ನೆಲದ ಮೇಲೆ ಕೂತೇ ಎಸೆಯಬೇಕು, ಮೇಲಕ್ಕೆತ್ತಿದ ಕೈ ಕಲ್ಲೆಸೆಯುವ ಕೈಯಂತೆ ಕಾಣುತ್ತದೆ. ಮನೆಯಲ್ಲಿ ಮಾಂಸ ಇಲ್ಲದಿದ್ದರೆ ಪನೀರ್, ಚೀಸು, ಮೊಟ್ಟೆಯ ಚೂರು ಸಾಕು. ಬಿಸ್ಕತ್ತು ಮಾತ್ರ ಈ ಕೆಲಸಕ್ಕೆ ಸಪ್ಪೆ.

ಮುಟ್ಟುವುದು ಅದು ಬಂದು ನಿಮ್ಮ ಮೊಣಕಾಲು ಮೂಸಿ ಅಲ್ಲೇ ನಿಂತ ದಿನದಿಂದ. ಗದ್ದದ ಕೆಳಗೆ, ಎದೆಯ ಮೇಲೆ, ಮೂರು ಸೆಕೆಂಡು. ಕೈ ತೆಗೆಯಿರಿ. ಇನ್ನೂ ಬೇಕಾದರೆ ಒತ್ತಿ ಬರುತ್ತದೆ. ತುಟಿ ನೆಕ್ಕಿಕೊಂಡರೆ, ನಿದ್ದೆಯಿಲ್ಲದೆ ಆಕಳಿಸಿದರೆ, ಮುಖ ತಿರುಗಿಸಿ ಕಣ್ಣಿನ ಬಿಳಿ ತೋರಿಸಿದರೆ ಸಾಕು ಎಂದರ್ಥ. ಉಸಿರು ಬಿಗಿಹಿಡಿದು ಅಲ್ಲಾಡದೆ ನಿಂತು ಸವರಿಸಿಕೊಳ್ಳುವ ನಾಯಿಯನ್ನು ‘ಎಷ್ಟು ಸಾಧು’ ಎಂದು ತಿಳಿಯುವವರೇ ಹೆಚ್ಚು. ಅದು ಸಾಧುತನವಲ್ಲ, ಓಡಲು ದಾರಿ ಕಾಣದೆ ಕಲ್ಲಾಗಿರುವುದು. ಗುರ್ ಎಂದರೆ ಬೈಯಬೇಡಿ, ಹಿಂದೆ ಸರಿಯಿರಿ. ಗುರ್ ಎನ್ನುವುದನ್ನು ಬಿಡಿಸಿದರೆ ಮುಂದಿನ ಸಲ ಎಚ್ಚರಿಕೆ ಇಲ್ಲದೆ ಹಲ್ಲು ಬರುತ್ತದೆ.

ನಿಮ್ಮ ಮನೆಯ ನಿಜವಾದ ಬಲ ಅತ್ತೆಯವರು. ದಿನವಿಡೀ ಮನೆಯಲ್ಲಿದ್ದು, ನಿಧಾನ ನಡೆದು, ಒಂದೇ ಹೊತ್ತಿಗೆ ಒಂದೇ ಕೆಲಸ ಮಾಡುವ ಮನುಷ್ಯರನ್ನು ಹೆದರಿದ ನಾಯಿ ಮೊದಲು ನಂಬುತ್ತದೆ. ಕೋಣೆಯ ಬಾಗಿಲಲ್ಲಿ ಕುರ್ಚಿ ಹಾಕಿ ಹೂ ಕಟ್ಟುತ್ತಲೋ ಸೊಪ್ಪು ಬಿಡಿಸುತ್ತಲೋ ಅರ್ಧ ಗಂಟೆ ಕೂತರೆ ಅದೇ ತರಬೇತಿ. ಮಗಳು ಮೊದಲ ಎರಡು ವಾರ ಕೋಣೆಯೊಳಗೆ ಹೋಗದೆ ಬಾಗಿಲಾಚೆ ಕೂತು ಪಾಠದ ಪುಸ್ತಕ ಗಟ್ಟಿಯಾಗಿ ಓದಲಿ. ದನಿ ಪರಿಚಯವಾಗುತ್ತದೆ, ಓಡಾಟದ ಭಯ ಇರುವುದಿಲ್ಲ. ದೊಡ್ಡವರಿಲ್ಲದೆ ಮಗು, ನಾಯಿ ಇಬ್ಬರೇ ಒಂದು ಕೋಣೆಯಲ್ಲಿ ಇರಲೇಬಾರದು, ಎಷ್ಟು ತಿಂಗಳಾದರೂ.

ಮೂತ್ರ, ಮೆಟ್ಟಿಲು, ಕುಕ್ಕರ್

ಮೊದಲ ನಾಲ್ಕೈದು ದಿನ ಕೆಳಗೆ ಒಯ್ಯಬೇಡಿ. ಜಾಲರಿ ಇರುವ ಬಾಲ್ಕನಿಯಲ್ಲೋ ಕೋಣೆಯ ದೂರದ ಮೂಲೆಯಲ್ಲೋ ಅಗಲ ಟ್ರೇಯಲ್ಲಿ ಮಣ್ಣು, ಮೇಲೆ ಹುಲ್ಲಿನ ಹೆಂಟೆ ಇಡಿ. ಆಶ್ರಯದಲ್ಲಿ ಅದು ಮೂತ್ರ ಮಾಡಿದ ಗೋಣಿಯ ತುಂಡು ಸಿಕ್ಕರೆ ಅದರ ಮೇಲಿಡಿ, ವಾಸನೆಯೇ ಸೂಚನೆ. ಬೇರೆ ಕಡೆ ಮಾಡಿದ್ದನ್ನು ಫಿನಾಯಿಲ್ ಬದಲು ಸೋಪಿನ ನೀರು, ಆಮೇಲೆ ಕಿಣ್ವವಿರುವ ಕ್ಲೀನರ್ ಹಾಕಿ ಒರೆಸಿ. ಬೈದರೆ ಕಲಿಯುವುದು ಒಂದೇ ಪಾಠ: ಇವರೆದುರು ಮೂತ್ರ ಮಾಡಬಾರದು. ಆಮೇಲೆ ಕೆಳಗೆ ಒಂದು ಗಂಟೆ ತಿರುಗಿಸಿದರೂ ತಡೆದುಕೊಂಡು ಬಂದು ಸೋಫಾ ಹಿಂದೆ ಮಾಡುತ್ತದೆ.

ಕೆಳಗೆ ಒಯ್ಯುವಾಗ ಬೆಳಗಿನ ಐದು ಗಂಟೆ, ರಾತ್ರಿ ಹನ್ನೊಂದು. ಮೂರು ಮಹಡಿ ತಾನೇ, ಮೆಟ್ಟಿಲೇ ವಾಸಿ. ಲಿಫ್ಟಿನ ಬಾಗಿಲು ಲೀಶನ್ನು ಸಿಕ್ಕಿಸಿಕೊಳ್ಳುವ ಅಪಾಯವೂ ಇದೆ. ಮೊದಲ ವಾರ ಗೇಟು ದಾಟದೆ ಕಾಂಪೌಂಡಿನೊಳಗೇ ತಿರುಗಿಸಿ. ಆ ರಸ್ತೆಯ ನಾಯಿಗಳಿಗೆ ನಿಮ್ಮದು ಹೊಸ ವಾಸನೆ, ಅವು ಸುತ್ತುಗಟ್ಟಿ ಬೊಗಳಿದರೆ ನಿಮ್ಮ ಮೂರು ವಾರದ ಕೆಲಸ ಮೂರು ನಿಮಿಷದಲ್ಲಿ ನೀರುಪಾಲು.

ಕುಕ್ಕರ್ ವಿಶಲ್, ಮಿಕ್ಸಿ, ತಲೆಯ ಮೇಲೆ ತಿರುಗುವ ಫ್ಯಾನು ಬೀದಿ ನಾಯಿ ಕಂಡೇ ಇರದ ವಸ್ತುಗಳು. ಫ್ಯಾನನ್ನು ಮೊದಲ ದಿನ ಒಂದರಲ್ಲಿ ಇಡಿ. ವಿಶಲ್ ಸದ್ದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು, ಅದು ಕಿವಿ ನಿಮಿರಿಸುವಷ್ಟು ಮಾತ್ರ ಸಣ್ಣಗೆ ಕೇಳಿಸಿ, ಕೇಳಿಸಿದ ಬಳಿಕ ಕೋಳಿ ಚೂರು. ಸದ್ದು ಮೊದಲು, ಊಟ ಆಮೇಲೆ. ಊಟ ಮೊದಲಾದರೆ ತಟ್ಟೆ ಕಂಡರೇ ‘ಈಗ ಸದ್ದು ಬರುತ್ತದೆ’ ಎಂದು ಹೆದರುತ್ತದೆ. ದೀಪಾವಳಿ ಹತ್ತಿರವಿದ್ದರೆ ಹಬ್ಬಕ್ಕೆ ಎರಡು ಮೂರು ವಾರ ಮೊದಲೇ ವೈದ್ಯರನ್ನು ಕಂಡು ಭಯ ಇಳಿಸುವ ಟ್ರಾಜೊಡೋನ್, ಗಾಬಾಪೆಂಟಿನ್‌ನಂಥ ಔಷಧಿ ಬೇಕೇ ಕೇಳಿ. ಮೈಯನ್ನು ಮಾತ್ರ ಮಂಕು ಮಾಡುವ ಏಸ್‌ಪ್ರೊಮಜಿನ್ ಒಂದನ್ನೇ ಕೊಡುವುದು ಬೇಡ, ಒಳಗಿನ ಭಯ ಹಾಗೇ ಇದ್ದು ಓಡಲಾಗದಂತೆ ಕಟ್ಟಿಹಾಕಿದ ಹಾಗಾಗುತ್ತದೆ.

ಎರಡು, ಮೂರನೇ ವಾರ ಎಡವುವ ಜಾಗ

ನಾಯಿ ಹೊಸ ಮನೆಗೆ ಹಂತಹಂತವಾಗಿ ಹೊಂದಿಕೊಳ್ಳಲು ಮೂರು ದಿನ, ಮೂರು ವಾರ, ಮೂರು ತಿಂಗಳು ಎಂಬ ಲೆಕ್ಕ ನೀವು ಕೇಳಿರುತ್ತೀರಿ. ಮನೆಯಿಂದ ಬಂದ ನಾಯಿಗೆ ಅದು ಸರಿ. ನಿಮ್ಮದಕ್ಕೆ ಎಲ್ಲವನ್ನೂ ಎರಡರಿಂದ ಗುಣಿಸಿ.

ಎಂಟು ಹತ್ತನೇ ದಿನ ಬಾಲ ಎದ್ದಿತು, ಬಟ್ಟಲ ಬಳಿಗೆ ನೀವಿರುವಾಗಲೇ ಬಂತು, ಒಂದು ಮಗ್ಗುಲಾಗಿ ಕಾಲು ಚಾಚಿ ಮಲಗಿತು ಎಂದುಕೊಳ್ಳಿ. ಇವು ನಿಜವಾದ ಸೂಚನೆಗಳು. ತಪ್ಪು ಶುರುವಾಗುವುದೂ ಆಗಲೇ: ಹಗ್ಗ ಬಿಚ್ಚುತ್ತಾರೆ, ಎರಡು ಲೀಶು ಒಂದಾಗುತ್ತದೆ, ಭಾನುವಾರ ನೆಂಟರು ಬರುತ್ತಾರೆ. ಫಾಸ್ಟರ್ ನಾಯಿ ಕಳೆದುಹೋಗುವುದು ಮೊದಲ ದಿನದ ಭಯದಲ್ಲಿ ಎಷ್ಟೋ, ಈ ಎರಡನೇ ವಾರದ ಧೈರ್ಯದಲ್ಲೂ ಅಷ್ಟೇ.

ಮೂರನೇ ವಾರದ ಹೊತ್ತಿಗೆ ಬೊಗಳಲು ಶುರುಮಾಡಬಹುದು, ಹಾಸಿಗೆಯ ಹತ್ತಿರ ಬಂದರೆ ಗುರ್ ಎನ್ನಬಹುದು. ‘ಮೊದಲು ಸಾಧುವಾಗಿತ್ತು, ಈಗ ಕೆಟ್ಟಿತು’ ಎಂದು ವಾಪಸ್ ಕೊಡುವವರು ಇದ್ದಾರೆ. ಕೆಟ್ಟಿಲ್ಲ, ಬಾಯಿ ಬಂದಿದೆ. ದೂರ ಕೊಡಿ, ಹಾದು ಹೋಗುವಾಗೆಲ್ಲ ಒಂದು ಚೂರು ಎಸೆದು ಹೋಗಿ. ಇದೇ ಹೊತ್ತಿಗೆ ಆಫೀಸಿಗೆ ಹೋಗುವ ಅಭ್ಯಾಸವನ್ನೂ ಕಲಿಸಬೇಕು: ಎರಡು ನಿಮಿಷ, ಹತ್ತು, ಅರ್ಧ ಗಂಟೆ. ಅತ್ತೆಯವರು ಮನೆಯಲ್ಲಿದ್ದಾರೆಂದು ಇದನ್ನು ಬಿಟ್ಟರೆ ಅವರು ದೇವಸ್ಥಾನಕ್ಕೆ ಹೋದ ಒಂದು ದಿನ ಬಾಗಿಲು ಕೆರೆದು ಉಗುರು ಕಿತ್ತುಕೊಳ್ಳುತ್ತದೆ. ನಾಲ್ಕು ವಾರವಾದರೂ ನೀವಿರುವಾಗ ತಿನ್ನದೆ, ಗುಹೆಯಿಂದ ಹೊರಬರದೆ ಇದ್ದರೆ ಭಯ ತಗ್ಗಿಸುವ ಫ್ಲುಯೊಕ್ಸೆಟಿನ್ ಬಗೆಯ ದೀರ್ಘಾವಧಿ ಔಷಧಿಯ ಮಾತು ವೈದ್ಯರ ಬಳಿ ಎತ್ತಿ. ಅದು ಹಿಡಿಯಲು ನಾಲ್ಕರಿಂದ ಆರು ವಾರ ಬೇಕು. ಗದರಿಸಿ, ಚೈನ್ ಜಗ್ಗಿ ‘ಯಜಮಾನ ಯಾರೆಂದು ತೋರಿಸುವ’ ತರಬೇತಿದಾರರನ್ನು ಮಾತ್ರ ಬಾಗಿಲ ಬಳಿಗೂ ಸೇರಿಸಬೇಡಿ.

ಕಚ್ಚಿದರೆ: ಗಾಯವನ್ನು ಹರಿಯುವ ನೀರು, ಸೋಪಿನಲ್ಲಿ ಹದಿನೈದು ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಿ. ಚರ್ಮದೊಳಗೆ ಕೊಡುವ ರೇಬಿಸ್ ಲಸಿಕೆಯಾದರೆ 0, 3, 7, 28ನೇ ದಿನ, ರಕ್ತ ಬಂದಿದ್ದರೆ ಇಮ್ಯುನೊಗ್ಲಾಬ್ಯುಲಿನ್ (ಸಿದ್ಧ ಪ್ರತಿಕಾಯದ ಚುಚ್ಚುಮದ್ದು) ಕೂಡ. ನಾಯಿಗೆ ಲಸಿಕೆ ಆಗಿದೆಯಲ್ಲ ಎಂದು ನೀವೇ ತೀರ್ಮಾನಿಸಬೇಡಿ. ಅರಿಸಿನ, ಸುಣ್ಣ ಹಚ್ಚಬೇಡಿ.

ತಪ್ಪಿಸಿಕೊಂಡರೆ: ಕೂಗಬೇಡಿ, ಅಟ್ಟಬೇಡಿ, ಹತ್ತು ಜನ ಸೇರಿ ಹುಡುಕಬೇಡಿ. ಹೆದರಿದ ನಾಯಿ ಹೆಸರು ಕೂಗಿದವರಿಂದಲೂ ಓಡುತ್ತದೆ. ‘ಕಂಡರೆ ಹಿಡಿಯಬೇಡಿ, ಫೋಟೊ ತೆಗೆದು ಫೋನ್ ಮಾಡಿ’ ಎಂಬ ಚೀಟಿಯನ್ನು ಟೀ ಅಂಗಡಿ, ಸೆಕ್ಯೂರಿಟಿ, ಪೌರಕಾರ್ಮಿಕರಿಗೆ ಹಂಚಿ. ಬೆಳಗಿನ ಜಾವ ರಸ್ತೆಯಲ್ಲಿರುವವರು ಅವರೇ. ಕೊನೆಗೆ ಕಂಡ ಜಾಗದಲ್ಲಿ ಅದರ ಹೊದಿಕೆ, ನೀರು, ವಾಸನೆ ಜೋರಾಗಿರುವ ಊಟ ಇಟ್ಟು, ರಾತ್ರಿ ಹನ್ನೊಂದರ ಮೇಲೆ ಒಬ್ಬರೇ ದೂರದಲ್ಲಿ ಪಕ್ಕಕ್ಕೆ ತಿರುಗಿ ಕೂತು ಚೂರು ಎಸೆಯಿರಿ. ಮನೆಯಲ್ಲಿ ಆಡಿದ ಅದೇ ಆಟ. ಆ ಆಟದ ಗುರುತಿರುವ ನಾಯಿ ಬರುತ್ತದೆ.

ದತ್ತು ನಿರ್ಧಾರಕ್ಕೆ ಎಂಟನೇ ವಾರ ಒಳ್ಳೆಯ ಹೊತ್ತು. ನೀವೇ ಇಟ್ಟುಕೊಳ್ಳುವುದಾದರೆ ಮಗಳ ಪರೀಕ್ಷೆ, ಊರಿಗೆ ಹೋಗುವ ರಜೆ, ಮನೆ ಬದಲಾವಣೆ ಎಲ್ಲವನ್ನೂ ಹನ್ನೆರಡು ವರ್ಷಕ್ಕೆ ಹರಡಿ ನೋಡಿ. ನಾಡನಾಯಿ ಅಷ್ಟು ಬದುಕುತ್ತದೆ. ಬೇರೆಯವರಿಗೆ ಕೊಡುವುದಾದರೆ ಅವರು ಕನಿಷ್ಠ ಮೂರು ಸಲ ನಿಮ್ಮ ಮನೆಗೆ ಬಂದು ನೆಲದ ಮೇಲೆ ಕೂತು ಚೂರು ಎಸೆಯಲಿ, ಮೂರನೇ ಸಲ ಅವರೇ ಲೀಶ್ ಹಿಡಿಯಲಿ. ಬೀದಿಗೆ ಮರಳಿ ಬಿಡುವಂತಿಲ್ಲ ಎಂಬುದು ಕರಾರಿನಲ್ಲಿರಲಿ. ಹೊಸ ಮನೆಯಲ್ಲಿ ಅದು ಮತ್ತೆ ಒಂದೆರಡು ವಾರ ಮೂಲೆ ಸೇರುತ್ತದೆ ಎಂದು ಅವರಿಗೆ ಮೊದಲೇ ಹೇಳಿ, ಊಟದ ಹೊತ್ತು, ಅದು ಹೆದರುವ ಸದ್ದು, ಇಷ್ಟಪಡುವ ತಿಂಡಿ ಎಲ್ಲ ಒಂದು ಹಾಳೆಯಲ್ಲಿ ಬರೆದುಕೊಡಿ. ಗೋಣಿತಾಟು, ಹೊದಿಕೆ ಜೊತೆಗೆ ಕಳಿಸಿ, ಒಗೆಯದೆ.